ಹನೀಫ್ ಮೇಸ್ತ್ರಿಯ ಮೂಗು

"ಈ ಕಾರಿಗೆ ನಾನು ಹತ್ತಲ್ಲ ತಿಮ್ಮೇಶಣ್ಣ. ಬಸ್ಸಿಗೆ ಬತ್ತೀನಿ."

ತೆರೆದಿದ್ದ ಬಾಗಿಲನ್ನು ಮೆಹನಾಜ್ ದಡಾರನೆ ಮುಚ್ಚಿದಳು. ಸಾವಿನ ಮನೆಗೆ ಹೊರಟವರು ಜಗಳ ಆಡಬಾರದು ಅಂತಾರೆ. ಆದರೆ ಅವಳಿಗೆ ಬೆಳಗಿನಿಂದ ಅಳು ಬಂದಿರಲಿಲ್ಲ, ಬಂದಿದ್ದೆಲ್ಲ ಸಿಟ್ಟೇ. ತರೀಕೆರೆಯಲ್ಲಿ ಅವಳ ಅಪ್ಪ ಮಹಮ್ಮದ್ ಹನೀಫ್ ಬೆಳಗಿನ ಜಾವದ ಫಜರ್ ನಮಾಜಿಗೆ ಎದ್ದವನು ಚಾಪೆಯ ಮೇಲೆ ಎದೆ ಹಿಡಿದುಕೊಂಡು ಕೂತ, ಹಾಗೇ ಒರಗಿದ. ಸುದ್ದಿ ಕಡೂರಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಏನವ್ವಾ ಹಿಂಗಂತೀಯ? ಅಲ್ಲಿ ನೀರು ಹಾಕ್ತಾ ಅವ್ರೆ. ಮಧ್ಯಾಹ್ನದ ನಮಾಜ್ ಹೊತ್ತಿಗೆ ಎತ್ತಿಬಿಡ್ತಾರೆ. ಮಗಳು ಬರೋಗಂಟ ತಡೀರಿ ಅಂತ ನಿಮ್ಮ ದೊಡ್ಡಪ್ಪಂಗೆ ಕೈ ಮುಗಿದು ಬಂದಿದೀನಿ. ಬಸ್ಸು ಕಾಯ್ಕೊಂಡು ಕೂತ್ರೆ ಮುಖಾನೂ ಸಿಗಲ್ಲ ಕಣಮ್ಮ," ಎಂದ ತಿಮ್ಮೇಶ್. ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜು ಅವನದೂ ಹನೀಫನದೂ ಜಂಟಿ. ಮೆಹನಾಜ್ ಫ್ರಾಕು ಹಾಕುತ್ತಿದ್ದ ಕಾಲದಿಂದ ಇಬ್ಬರೂ ಒಂದೇ ಗಾಡಿಯ ಕೆಳಗೆ ಅಕ್ಕಪಕ್ಕ ಮಲಗಿ ಕೆಲಸ ಮಾಡಿದವರು. ಇವತ್ತು ಗ್ರೀಸು ಹತ್ತಿದ ಅಂಗಿಯಲ್ಲೇ ಬಂದಿದ್ದ.

"ಬೇರೆ ಗಾಡಿ ಸಿಗಲಿಲ್ವಾ ನಿಮಗೆ? ಇದೇ ಬೇಕಿತ್ತಾ?"

"ಒಂದರ ಎಂಜಿನ್ ಇಳಿಸಿದೀನಿ. ಇನ್ನೊಂದಕ್ಕೆ ಬ್ರೇಕಿಲ್ಲ. ಗ್ಯಾರೇಜಲ್ಲಿ ನೆಟ್ಟಗಿರೋದು ಇದೊಂದೇ."

ಬೆಳ್ಳಿ ಬಣ್ಣದ ಆ ಕಾರು ಮೆಹನಾಜಳದೇ. ಆಸೆಪಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಹೋದ ವರ್ಷದ ಮಳೆಗಾಲದಲ್ಲಿ ಬೀರೂರಿನ ಹತ್ತಿರ ರಸ್ತೆ ಬದಿ ಬಿಟ್ಟು ಬಂದವಳು ಮತ್ತೆ ಅದರ ಮುಖ ನೋಡಿರಲಿಲ್ಲ. ಅಪ್ಪನ ಮುಖವನ್ನೂ ನೋಡಿರಲಿಲ್ಲ.

"ಅಮ್ಮಿ, ನಾನೂ ಬತ್ತೀನಿ. ನಾನಾನ ನೋಡ್ಬೇಕು," ಎಂದು ತಾತನಿಗಾಗಿ ಹಟ ಹಿಡಿದ ಏಳು ವರ್ಷದ ಉಮ್ಮೆ ಹಾನಿ ಚಪ್ಪಲಿ ಹಾಕಿಕೊಂಡು ಹೊರಬಂದಳು.

"ನೀನು ಬೇಡ." ಮೆಹನಾಜ್ ಮಗಳ ರಟ್ಟೆ ಹಿಡಿದು ಪಕ್ಕದ ಮನೆಯ ಪ್ರತಿಮಾಳ ಕೈಗೆ ಕೊಟ್ಟಳು. ತಿಮ್ಮೇಶ್ ಏನೋ ಹೇಳಲು ಬಾಯಿ ತೆರೆದ. "ನನ್ನ ಮಗು ಈ ಕಾರಿಗೆ ಒಂದು ಸಲ ಹತ್ತಿದ್ದು ಸಾಕು," ಎಂದಳು. ಅವನು ಡ್ರೈವರ್ ಸೀಟಿಗೆ ಹೋಗಿ ನಾಲ್ಕೂ ಕಿಟಕಿಗಳ ಗಾಜು ಪೂರಾ ಇಳಿಸಿದ. ಆಮೇಲೆ ಅವಳು ಹತ್ತಿದಳು.

*

ಹನೀಫ್ ಮೇಸ್ತ್ರಿಯ ಮೂಗಿಗೆ ತರೀಕೆರೆಯಲ್ಲಿ ದೊಡ್ಡ ಹೆಸರಿತ್ತು. ಗಾಡಿ ಬಂದರೆ ಮೊದಲು ಬಾನೆಟ್ ಎತ್ತುವವನಲ್ಲ. ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಸೈಲೆನ್ಸರ್ ಬಾಯಿಗೆ ಅಂಗೈ ಒಡ್ಡಿ, ಬಂದ ಹೊಗೆಯನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ತರುತ್ತಿದ್ದ. ನಶ್ಯ ಏರಿಸುವವರ ಹಾಗೆ ಕಣ್ಣು ಮುಚ್ಚುತ್ತಿದ್ದ. "ಪೆಟ್ರೋಲ್ ಜಾಸ್ತಿ ಕುಡೀತಾ ಐತೆ," ಅನ್ನುತ್ತಿದ್ದ. ಇಲ್ಲವೇ, "ಆಯಿಲ್ ಸುಡ್ತಾ ಐತೆ, ಎಂಜಿನ್ನಿನ ರಿಂಗು ಹೋಗೈತೆ." ಹತ್ತಕ್ಕೆ ಒಂಬತ್ತು ಸಲ ಅದೇ ನಿಜ. ಹತ್ತನೆಯ ಸಲ ತಪ್ಪಿದರೆ ಗಾಡಿಯನ್ನೇ ಬೈಯುತ್ತಿದ್ದ.

ಆ ಮೂಗಿನ ಕಾಟ ಮನೆಯವರಿಗೂ ತಪ್ಪಿರಲಿಲ್ಲ. ಓಣಿಯ ತುದಿಯಲ್ಲಿ ಬರುತ್ತಲೇ, "ಸುಗ್ರಾ, ಮೆಂತ್ಯಸೊಪ್ಪು ತಳ ಹಿಡೀತು ನೋಡು," ಎಂದು ಹೆಂಡತಿಗೆ ಕೂಗುತ್ತಿದ್ದ. ಮೆಹನಾಜ್ ಯಾರದೋ ಹಿತ್ತಿಲಲ್ಲಿ ಹುಣಸೆಕಾಯಿ ಕದ್ದು ತಿಂದು ಬಂದರೆ, ಕೈ ತೊಳೆದಿದ್ದರೂ ಮೂಸಿ ಹಿಡಿಯುತ್ತಿದ್ದ. ತಾನು ಮಾತ್ರ ಮೈಯೆಲ್ಲ ಪೆಟ್ರೋಲ್ ನಾತ. ಸ್ನಾನ ಮಾಡದೆ ಒಳಗೆ ಬರಕೂಡದು ಎಂದು ಸುಗ್ರಾಬಿ ಬಚ್ಚಲ ಬಾಗಿಲಲ್ಲಿ ಸೋಪು ಹಿಡಿದು ನಿಂತಿರುತ್ತಿದ್ದಳು.

ಆಮೇಲೆ ಕಂಪ್ಯೂಟರ್ ಇರುವ ಗಾಡಿಗಳು ಬಂದವು. ತಿಮ್ಮೇಶ್ ಗಾಡಿಯ ರೋಗ ಹೇಳುವ ಸ್ಕ್ಯಾನರ್ ತಂದ. ಹನೀಫ್ ಕೆಲವು ದಿನ ಮುನಿಸಿಕೊಂಡ, ಆಮೇಲೆ ಅದನ್ನೂ ಕಲಿತ. ಕಾಲೇಜಿಗೆ ಹೋಗುತ್ತಿದ್ದ ಮಗಳಿಗೆ ರಾತ್ರಿ ಊಟಕ್ಕೆ ಕೂತಾಗ ಪಾಠ ಹೇಳುತ್ತಿದ್ದ. "ಹೊಗೆ ಪೈಪಿಗೆ ಆಕ್ಸಿಜನ್ ಸೆನ್ಸರ್ ಅಂತ ಇರುತ್ತೆ ಬೇಟಿ. ಸುಟ್ಟ ಹೊಗೇಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಎಂಜಿನ್‌ಗೆ ಚಾಡಿ ಹೇಳೋದೇ ಅದರ ಕೆಲಸ. ಮೀಟರಲ್ಲಿ ಲೈಟು ಉರೀತು, ಸ್ಕ್ಯಾನರ್ ಅದರ ಹೆಸರು ಹೇಳ್ತು ಅಂತ ಕಿತ್ತು ಬಿಸಾಕಬಾರದು. ಪೈಪು ಎಲ್ಲಾದರೂ ಸೀಳಿದ್ರೆ ಹೊರಗಿನ ಗಾಳಿ ನುಗ್ಗುತ್ತೆ. ಪಾಪ, ಅದು ಕಂಡಿದ್ದನ್ನೇ ಹೇಳುತ್ತೆ. ಮೊದಲು ಪೈಪು ನೋಡಬೇಕು, ಆಮೇಲೆ ಸೆನ್ಸರ್."

"ಅವಳಿಗೆ ಯಾಕ್ರೀ ಇದೆಲ್ಲ? ಅವಳೇನು ಗ್ಯಾರೇಜ್ ಇಡ್ತಾಳಾ?" ಅನ್ನುತ್ತಿದ್ದಳು ಸುಗ್ರಾಬಿ.

"ಕಾರು ಇಡ್ತಾಳಲ್ಲ!" ಅನ್ನುತ್ತಿದ್ದ. ಆಗ ಮನೆಯಲ್ಲಿ ಸೈಕಲ್ಲೂ ಇರಲಿಲ್ಲ.

*

ಕಾರು ಕಡೂರು ದಾಟಿತು. ಎರಡೂ ಕಡೆ ತೆಂಗಿನ ತೋಟ, ನಡುನಡುವೆ ರಾಗಿ ಹೊಲ. ಗಾಳಿಗೆ ಮೆಹನಾಜಳ ದುಪಟ್ಟಾ ಹಾರುತ್ತಿತ್ತು. ಅವಳು ಮೂಗರಳಿಸಿ ಅರಳಿಸಿ ನೋಡುತ್ತಿದ್ದಳು. ಏನೂ ವಾಸನೆ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಆ ಭಾನುವಾರವೂ ಇದೇ ರಸ್ತೆ. ಮೀಟರಿನಲ್ಲಿ ಹಳದಿ ಲೈಟು ಉರಿಯುತ್ತಿತ್ತು. ಅಪ್ಪನ ಹತ್ತಿರ ತೋರಿಸೋಣ ಎಂದು ಮಗಳನ್ನು ಕರೆದುಕೊಂಡು ತರೀಕೆರೆಗೆ ಹೋಗಿದ್ದಳು. ತಿಮ್ಮೇಶ್ ದೇವನೂರಿಗೆ ನೆಂಟರ ಮದುವೆಗೆ ಹೋಗಿದ್ದ. ಗ್ಯಾರೇಜಿನಲ್ಲಿ ಹನೀಫ್ ಒಬ್ಬನೇ. ಸ್ಕ್ಯಾನರ್ ಸಿಕ್ಕಿಸಿದ, ಅದು ಆಕ್ಸಿಜನ್ ಸೆನ್ಸರ್ ಅಂತು. ಹೊಸದು ಹಾಕಿದ. ಲೈಟು ಆರಿತು.

"ಅಬ್ಬಾ, ಒಳಗೆ ಏನೋ ವಾಸನೆ ಹೊಡೀತಿದೆ. ಹೊಗೆ ತರ," ಎಂದಿದ್ದಳು ಮೆಹನಾಜ್.

ಹನೀಫ್ ಕಾರಿನೊಳಗೆ ತಲೆ ಹಾಕಿ ಉದ್ದಕ್ಕೆ ಉಸಿರೆಳೆದ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದ. "ಏನೂ ಇಲ್ಲಮ್ಮ. ಹೊಸ ಪಾರ್ಟ್‌ಗೆ ಹಚ್ಚಿದ ಎಣ್ಣೆ ಸುಡ್ತಾ ಇದೆ, ಅಷ್ಟೇ. ಹೋಗಿ ಬಾ," ಎಂದ.

ಆ ಮೂಗು ಇಲ್ಲ ಅಂದಮೇಲೆ ಇನ್ನು ಮಾತುಂಟೇ? ಮಳೆ ಹಿಡಿದಿತ್ತು. ಗಾಜು ಏರಿಸಿ ಬ್ಲೋಯರ್ ಹಾಕಿ ಹೊರಟಳು. ಹಿಂದಿನ ಸೀಟಿನಲ್ಲಿ ಉಮ್ಮೆ ಹಾನಿ ಮಲಗಿದಳು. ಬೀರೂರು ಬರುವ ಹೊತ್ತಿಗೆ ಮೆಹನಾಜಳ ತಲೆ ಸಿಡಿಯುತ್ತಿತ್ತು. ಕಾರು ನಿಲ್ಲಿಸಿ ಮಗುವನ್ನು ಕರೆದಳು, ಅಲ್ಲಾಡಿಸಿದಳು. ಕತ್ತು ವಾಲಿತು. ಯಾರೋ ಆಟೋದವರು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಹೊಗೆಯ ವಿಷ ಏರಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಮಗು ಕೈ ಬಿಡುತ್ತಿತ್ತು ಎಂದರು ಡಾಕ್ಟರು.

ಸಂಜೆ ಹನೀಫ್ ಬಸ್ಸಿನಲ್ಲಿ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತ. ಒದ್ದೆಯಾಗಿದ್ದ. ಮೆಹನಾಜ್ ಜನರೆದುರೇ ಕೂಗಿದಳು. "ವಾಸನೆ ಬರ್ತಿದೆ ಅಂದೆ. ಇಲ್ಲ ಅಂದ್ರಿ. ಊರವರ ಗಾಡಿನೆಲ್ಲ ಮೂಸ್ತೀರಿ, ನನ್ನ ಮಗು ಕೂರೋ ಗಾಡಿ ನೋಡೋಕೆ ನಿಮಗೆ ಪುರಸೊತ್ತಿಲ್ಲ. ಹತ್ತಿರ ಬರಬೇಡಿ!"

ಅವನು ಮಗು ಮಲಗಿದ್ದ ಕಡೆ ಒಮ್ಮೆ ನೋಡಿದ. ತಪ್ಪಾಯ್ತು ಅಂತಲೂ ಅನ್ನಲಿಲ್ಲ. ತಿರುಗಿ ಹೊರಟುಹೋದ. ಅದೇ ಅವಳ ಹೊಟ್ಟೆಯೊಳಗೆ ಕೆಂಡವಾಗಿ ಉಳಿಯಿತು. ರಂಜಾನಿಗೂ ತವರಿಗೆ ಹೋಗಲಿಲ್ಲ. ಸುಗ್ರಾಬಿಯೇ ಬುತ್ತಿ ಕಟ್ಟಿಕೊಂಡು ಕಡೂರಿಗೆ ಬಂದು, ಮೊಮ್ಮಗಳನ್ನು ಮುದ್ದಾಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದಳು.

*

ಬೀರೂರು ಹತ್ತಿರ ಬರುತ್ತಿದ್ದಂತೆ ತಿಮ್ಮೇಶ್ ಕಾರಿನ ವೇಗ ಇಳಿಸಿದ.

"ಹೇಳ್ಬೇಡ ಅಂದಿದ್ದ ನಿಮ್ಮಪ್ಪ. ಈಗ ಅವನೇ ಹೊಂಟೋದ. ಮಾತು ಉಳಿಸ್ಕೊಂಡು ನಾನ್ಯಾರಿಗೆ ಒಪ್ಪಿಸ್ಲಿ?" ಎಂದ. ಕಣ್ಣು ರಸ್ತೆಯ ಮೇಲೇ ಇತ್ತು. "ಅವನಿಗೆ ವಾಸ್ನೆ ಗೊತ್ತಾಗ್ತಿರ್ಲಿಲ್ಲ ಕಣಮ್ಮ."

"ಯಾರಿಗೆ?"

"ನಿಮ್ಮಪ್ಪಂಗೆ. ಆ ಕೊರೋನಾ ಜ್ವರ ಬಂತಲ್ಲ, ಆವತ್ತು ಹೋದ ವಾಸ್ನೆ ತಿರುಗಿ ಬರಲೇ ಇಲ್ಲ. ಎಲ್ಲಾರಿಗೂ ಬಂತು, ಅವನೊಬ್ಬನಿಗೆ ಬರ್ಲಿಲ್ಲ. ಮೂಗು ಸತ್ತ ಹನೀಫನ ಹತ್ರ ಯಾರು ಗಾಡಿ ತರ್ತಾರೆ ಅಂತ ಬಾಯಿ ಮುಚ್ಕೊಂಡ. ನನಗೂ ಹೇಳ್ಲಿಲ್ಲ ಬಡ್ಡೀಮಗ."

"ಸುಳ್ಳು. ಆಮೇಲೂ ಮೂಸಿ ನೋಡ್ತಿದ್ರಲ್ಲ, ನಾನೇ ಕಂಡಿದೀನಿ."

"ಮೂಸ್ದಂಗೆ ಆಡ್ತಿದ್ದ ಕಣಮ್ಮ. ನನ್ನ ಮುಖ ನೋಡೋನು. ನಾನು ಮೂಗು ಸೊಟ್ಟ ಮಾಡಿದ್ರೆ 'ಪೆಟ್ರೋಲ್ ಜಾಸ್ತಿ ಆಗೈತೆ' ಅನ್ನೋನು. ನಾನು ಕೆಮ್ಮಿದ್ರೆ 'ಆಯಿಲ್' ಅನ್ನೋನು. ಆಹಾ, ಏನು ಮೂಗಪ್ಪಾ ಅಂತ ನಾನೇ ಗಿರಾಕಿಗಳ ಮುಂದೆ ಹೊಗಳ್ತಿದ್ದೆ!" ತಿಮ್ಮೇಶ್ ನಗಲು ಹೋದ, ಆಗಲಿಲ್ಲ. "ಆ ಭಾನುವಾರ ನಾನಿರ್ಲಿಲ್ಲ. ನೋಡೋಕೆ ಯಾರ ಮುಖಾನೂ ಇರ್ಲಿಲ್ಲ ಅವನಿಗೆ. ಮಾರನೇ ದಿನ ಈ ಗಾಡಿ ಎಳ್ಕೊಂಡು ಬಂದು ಬಿಚ್ಚಿದೆ. ಎಂಜಿನ್‌ನಿಂದ ಹೊಗೆ ಹೊರಗೆ ಬರೋ ಜಾಗದಲ್ಲೇ, ತಗಡಿನ ಕೆಳಗೆ ಬೆರಳುದ್ದ ಸೀಳು. ಕಣ್ಣಿಗೆ ಕಾಣಲ್ಲ. ಬ್ಲೋಯರ್ ಆ ಹೊಗೇನ ಒಳಕ್ಕೆ ಎಳ್ಕೊಂಡೈತೆ. ಮೂಗಿದ್ದೋನಿಗೆ ಬಾನೆಟ್ ಎತ್ತಿದ್ದೇ ಗೊತ್ತಾಗ್ತಿತ್ತು. ಹಳೇ ಸೆನ್ಸರ್ ಸರಿಯಾಗೇ ಇತ್ತು. ಆವಾಗ ನನ್ನ ಮುಂದೆ ಬಾಯಿಬಿಟ್ಟ."

ಮೆಹನಾಜ್ ಸೀಟಿನ ಅಂಚು ಹಿಡಿದುಕೊಂಡಳು. "ಹೇಳಬಹುದಿತ್ತಲ್ಲ! ವಾಸನೆ ಗೊತ್ತಾಗಲ್ಲ ಅಂತ ಒಂದೇ ಒಂದು ಮಾತು! ನಾನೇನು ರಾಕ್ಷಸಿನಾ?"

"ನಾನೂ ಹಂಗೇ ಅಂದು ಜಗಳ ಮಾಡ್ದೆ. ಏನಂದ ಗೊತ್ತಾ? 'ವಾಸ್ನೆ ಹೋಗಿದ್ದು ಅಲ್ಲಾನ ಮರ್ಜಿ ಕಣೋ. ಗೊತ್ತಾಗಲ್ಲ ಅಂತ ಗೊತ್ತಿದ್ದೂ ಇಲ್ಲ ಅಂದಿದ್ದು ನಾನು. ಮೊಮ್ಮಗಳಿಗಿಂತ ನನಗೆ ನನ್ನ ಮರ್ಯಾದೆ ದೊಡ್ಡದಾಯ್ತು. ಅವಳ ಸಿಟ್ಟು ನ್ಯಾಯವಾಗೇ ಐತೆ. ನೆಪ ಹೇಳಿ ಅದನ್ನ ಕಮ್ಮಿ ಮಾಡಿಸ್ಬೇಡ' ಅಂದ."

ಲಾರಿಯೊಂದು ಹಾರನ್ ಹೊಡೆಯುತ್ತ ಹಿಂದಿಕ್ಕಿ ಹೋಯಿತು. ಅದರ ಹೊಗೆ ಕಿಟಕಿಯಿಂದ ಒಳಗೆ ಬಂತು. ತಿಮ್ಮೇಶ್ ಕೈಯಿಂದಲೇ ಬೀಸಿ ಓಡಿಸಿದ.

"ಆವತ್ತಿಂದ ಬೇರೆ ಗಾಡಿ ಮುಟ್ಟಿಲ್ಲ ಅವನು. ಇದೊಂದನ್ನೇ ಮುಟ್ಟಿದ್ದು. ಸೀಳಿದ್ದನ್ನ ತೆಗೆದು ಹೊಸದೇ ಹಾಕಿದ. ನಾನು ಮೂಸಿ ನೋಡಿ 'ಏನೂ ಇಲ್ಲ ಕಣೋ' ಅಂದ್ರೂ ನಂಬ್ಲಿಲ್ಲ. ಗ್ಯಾರೇಜ್ ಮುಂದೆ ನಿಲ್ಲಿಸ್ಕೊಂಡು, ಎಂಜಿನ್ ಚಾಲೂ ಮಾಡಿ, ಗಾಜೆಲ್ಲ ಏರಿಸಿ, ತಾನೇ ಒಳಗೆ ಕೂರೋನು. 'ಮೂಗಿಗೆ ಗೊತ್ತಾಗ್ದಿದ್ರೆ ಬೇಡ, ತಲೆನೋವು ಬಂದ್ರೆ ಗೊತ್ತಾಗುತ್ತಲ್ಲ' ಅನ್ನೋನು. ಲೇ, ಒಂದಿನ ಒಳಗೇ ಮಲಗ್ಬಿಡ್ತೀಯ ಅಂತ ಬೈದು ಬೈದು ಸಾಕಾಯ್ತು. ಯಾವಾಗ ನೋಡಿದ್ರೂ ಹಿಂದಿನ ಸೀಟಲ್ಲೇ ಕೂತಿರೋನು. ಮಗು ಮಲಗಿದ್ದ ಜಾಗ ಅಂತ."

ಮೆಹನಾಜ್ ಹಿಂದಕ್ಕೆ ತಿರುಗಿ ನೋಡಿದಳು. ಖಾಲಿ ಸೀಟು. ಒಂದು ಕಡೆ ಬಟ್ಟೆ ಸವೆದು ಸ್ವಲ್ಪ ಕುಸಿದಿತ್ತು. ಬೆಳಗಿನಿಂದ ಬಾರದ ಅಳು ಆಗ ಬಂತು, ಬಾಯಿ ತೆರೆದೇ ಅತ್ತಳು.

"ವಾಪಸ್ ತಿರುಗಿಸಿ ತಿಮ್ಮೇಶಣ್ಣ. ಹಾನಿನ ಕರ್ಕೊಂಡು ಬರೋಣ. ಒಂದು ಸಲ ಮುಖ ತೋರಿಸ್ಬೇಕು, ತಿರುಗಿಸಿ."

"ಟೈಮಿಲ್ಲ ಕಣವ್ವಾ."

"ಹತ್ತೇ ನಿಮಿಷ..."

ಅಷ್ಟರಲ್ಲಿ ಫೋನು ಬಂತು. ಅವಳ ಗಂಡ ಅಖೀಲ್. ಅಜ್ಜಂಪುರದ ಕೆಲಸದ ಜಾಗದಿಂದ ಬೆಳಿಗ್ಗೆಯೇ ನೇರ ತರೀಕೆರೆಗೆ ಹೋಗಿದ್ದವನು. "ಎಲ್ಲಿದ್ದೀರಿ? ಕಫನ್ ಬಟ್ಟೆ ಹೊದಿಸಿದ್ದಾಯ್ತು. ಬೇಗ ಬಾ," ಎಂದ. ತಿಮ್ಮೇಶ್ ಕಾರನ್ನು ಮುಂದಕ್ಕೇ ಓಡಿಸಿದ. ಮಗಳನ್ನು ಬಿಟ್ಟು ಬಂದದ್ದು ತಾನೇ. ಇನ್ನು ಯಾರನ್ನು ಬೈಯಬೇಕು ಎಂದು ಅವಳಿಗೆ ತಿಳಿಯಲಿಲ್ಲ.

*

ಓಣಿಯ ತುಂಬ ಪ್ಲಾಸ್ಟಿಕ್ ಕುರ್ಚಿಗಳು. ಗಾಡಿ ಇದ್ದವರೆಲ್ಲ ಬಂದಿದ್ದರು. "ನನ್ನ ಪಿಕಪ್ ಶೋರೂಮಿನವರಿಗೇ ಗೊತ್ತಾಗಿರ್ಲಿಲ್ಲ, ಹನೀಫಣ್ಣ ಮೂಸಿ ಹೇಳ್ದ," ಎಂದು ಯಗಟಿಯ ಕರಿಸಿದ್ದಪ್ಪ ಪಕ್ಕದವನಿಗೆ ಹೇಳುತ್ತಿದ್ದ. "ಹೋದ ವರ್ಷದಿಂದ ಯಾಕೋ ಗಾಡಿ ಮುಟ್ತಿರ್ಲಿಲ್ಲ. ಕರೆದ್ರೆ ತಿಮ್ಮೇಶನ್ನ ತೋರಿಸೋನು."

"ವಯಸ್ಸಾಯ್ತಲ್ಲಪ್ಪ."

"ಏನು ವಯಸ್ಸು ಬಿಡಪ್ಪ ಅದು!"

ಮೆಹನಾಜ್ ಅವರ ನಡುವೆ ತಲೆ ತಗ್ಗಿಸಿ ನಡೆದಳು. ಬಾಗಿಲಲ್ಲಿ ಎದುರುಮನೆ ಶಂಕರಮ್ಮ ತಬ್ಬಿಕೊಂಡಳು. "ಎಷ್ಟೋ ವರ್ಷದ ಹಿಂದೆ ನಮ್ಮನೆ ಗ್ಯಾಸ್ ಸೋರಿದ ದಿನ ಬೀದೀಲಿ ನಿಂತು ಕೂಗಿದ್ನಲ್ಲೇ ತಾಯಿ, ಕಡ್ಡಿ ಗೀರ್ಬೇಡಕ್ಕಾ ಅಂತ. ಅಂಥಾ ಮನುಷ್ಯನ್ನ ದೇವರು ಹಿಂಗೆ ಕರ್ಕೊಂಬಿಡೋದಾ!"

ನಡುಮನೆಯಲ್ಲಿ ಬಿಳಿ ಬಟ್ಟೆಯೊಳಗೆ ಅಪ್ಪ ಮಲಗಿದ್ದ. ಮುಖವೊಂದನ್ನು ಅವಳಿಗಾಗಿ ತೆರೆದಿಟ್ಟಿದ್ದರು. ಕರ್ಪೂರ, ಅತ್ತರು. ಆ ಮೈಯಿಂದ ಪೆಟ್ರೋಲ್ ವಾಸನೆಯನ್ನು ಸುಗ್ರಾಬಿ ಜೀವಮಾನವಿಡೀ ತೊಳೆದರೂ ಹೋಗಿರಲಿಲ್ಲ, ಇವತ್ತು ಹೋಗಿತ್ತು. ಮೆಹನಾಜ್ ತಾಯಿಯ ಪಕ್ಕ ಕುಸಿದಳು.

"ನಿಮಗೆ ಗೊತ್ತಿತ್ತಾ ಅಮ್ಮಿ?"

ಏನು ಎಂದು ಸುಗ್ರಾಬಿ ಕೇಳಲಿಲ್ಲ. ಬಾಗಿಲಾಚೆ ನಿಂತ ತಿಮ್ಮೇಶನನ್ನು ನೋಡಿದಳು, ಮಗಳನ್ನು ನೋಡಿದಳು. "ಅನುಮಾನ ಬಂದು ಒಂದಿನ ಬೇಕಂತಲೇ ಸೀದ ಸಾರು ಬಡಿಸಿದೆ," ಎಂದಳು ಮೆಲ್ಲಗೆ. "ಘಮಘಮ ಅಂತಿದೆ ಸುಗ್ರಾ, ಅಂದ್ರು. ಒಳಗೆ ಹೋಗಿ ಅತ್ತುಬಿಟ್ಟೆ. ನಿನಗೆ ಹೇಳಿದ್ರೆ ನನ್ನ ಮುಖ ನೋಡ್ಬೇಡ ಅಂತ ಆಣೆ ಹಾಕಿಬಿಟ್ಟಿದ್ರಲ್ಲೇ. ನಾನೇನು ಮಾಡ್ಲಿ? ನಿನ್ನ ಮನೆಯಿಂದ ಬಂದಾಗೆಲ್ಲ ಕೇಳೋರು. ಮಗು ಉಂಡಳಾ, ಆಡ್ತಾಳಾ, ತಲೆ ನೋವು ಅಂತಾಳಾ. ಮೂರೇ ಪ್ರಶ್ನೆ."

ಮುಂದೆ ಮಾತಿಗೆ ಹೊತ್ತಿರಲಿಲ್ಲ. ಹನೀಫನ ಅಣ್ಣ ಜಬೀವುಲ್ಲಾ ಒಳಗೆ ಬಂದು ತಮ್ಮನ ಮುಖ ಮುಚ್ಚಿದರು. ಗಂಡಸರು ಶವವನ್ನು ಜನಾಜಾದ ಮರದ ಚಟ್ಟದ ಮೇಲೆ ಇಳಿಸಿದರು. ನಾಲ್ಕು ಮೂಲೆಗೆ ನಾಲ್ಕು ಜನ ಬಗ್ಗಿದರು. ಎತ್ತುವ ಮೊದಲು ಮನೆಯವರ ಬಾಯಿಂದ ಒಂದು ಮಾತು ಬರಬೇಕು. ಅದು ಅವರ ಮನೆತನದಲ್ಲಿ ಹಿಂದಿನಿಂದ ಬಂದ ಪದ್ಧತಿ. ಜಬೀವುಲ್ಲಾ ಗಂಟಲು ಸರಿಪಡಿಸಿಕೊಂಡರು.

"ನನ್ನ ತಮ್ಮ ಹನೀಫ್ ಆಡಿದ್ದರಲ್ಲಿ, ಮಾಡಿದ್ದರಲ್ಲಿ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿ. ಭಾರ ಇಳಿಸಿ ಕಳಿಸಿಕೊಡಿ."

"ಮಾಫ್ ಕಿಯಾ," ಎಂದಳು ಸುಗ್ರಾಬಿ, ಸೆರಗಿನೊಳಗಿಂದ. "ಮಾಫ್ ಕಿಯಾ," ಎಂದ ಅಖೀಲ್. "ನಮ್ಮದೇನೈತಪ್ಪ, ಮಾಫು ಮಾಫು," ಎಂದು ಶಂಕರಮ್ಮ ಅತ್ತಳು. ಮುಂದಿನ ಮೂಲೆಯಲ್ಲಿ ಬಗ್ಗಿದ್ದ ತಿಮ್ಮೇಶ್, "ಎಲ್ಲಾ ಮಾಫ್ ಕಣೋ, ಎದ್ದೇಳು," ಎಂದ.

ಮೆಹನಾಜ್ ಸುಮ್ಮನಿದ್ದಳು.

"ಬೇಟಿ, ನಿನ್ನ ಬಾಯಿಂದಲೂ ಬರಬೇಕು," ಎಂದರು ಜಬೀವುಲ್ಲಾ. "ನೀನು ಹೇಳದೆ ನಾನು ಎತ್ತಿಸಲ್ಲ. ಅವನು ನಿನ್ನದೇ ಮಾತಿಗೆ ಕಾದಿದ್ದಾನೆ."

ಅವಳು ಎರಡೂ ಕೈಯಿಂದ ಚಟ್ಟದ ಮರವನ್ನು ಹಿಡಿದುಕೊಂಡಳು. ಮಸೀದಿಯಲ್ಲಿ ಅಜಾನ್ ಶುರುವಾಯಿತು. ಮುಗಿಯಿತು. ಹೆಂಗಸರ ಗುಂಪಿನಲ್ಲಿ ಯಾರೋ, "ಇನ್ನೂ ಸಿಟ್ಟೇನೇ? ಸತ್ತ ಮೇಲೂನಾ?" ಎಂದು ಪಿಸುಗುಟ್ಟಿದರು. ಇನ್ನೊಬ್ಬರು, "ಕಲ್ಲು ಕಣಮ್ಮ, ಕಲ್ಲು," ಎಂದರು.

ಸುಗ್ರಾಬಿ ಮಗಳ ಗದ್ದ ಹಿಡಿದಳು. "ನಿನ್ನ ಕಾಲಿಗೆ ಬೀಳ್ತೀನಿ ಕಣೇ. ಹೆಣ ಕಾಯಿಸಬಾರದು. ಒಂದು ಮಾತು ಅನ್ನೇ. ಇನ್ನೂ ಎಷ್ಟು ಸಿಟ್ಟು?"

"ಸಿಟ್ಟಿಲ್ಲ ಅಮ್ಮಿ." ಮೆಹನಾಜಳ ದನಿ ಒಡೆಯಿತು. "ನಾನು ಮಾಫ್ ಅಂದ್ರೆ ಇವರು ಎತ್ಕೊಂಡು ಹೋಗ್ತಾರೆ. ನಾನೀಗ ತಾನೇ ಬಂದಿದೀನಿ. ಈಗ ತಾನೇ ಬಂದಿದೀನಿ ಅಮ್ಮಿ."

ಬಗ್ಗಿದ ನಾಲ್ವರೂ ಬಗ್ಗಿದಂತೆಯೇ ಇದ್ದರು. ಜಬೀವುಲ್ಲಾ ಮುಖ ಆಚೆ ತಿರುಗಿಸಿ ಗಡ್ಡ ಒರೆಸಿಕೊಂಡರು. ಅವಳನ್ನು ಎಳೆಯಿರಿ ಎಂದು ಯಾರಿಗೂ ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಮೆಹನಾಜ್ ಬಗ್ಗಿ, ಬಟ್ಟೆ ಮುಚ್ಚಿದ ಆ ಕಿವಿಯ ಹತ್ತಿರ ಬಾಯಿ ಇಟ್ಟಳು. ಮನೆಯವರಿಗೆ ಕೇಳಿದ್ದು ಕೊನೆಯ ಒಂದು ಮಾತು ಮಾತ್ರ. ಅಷ್ಟು ಸಾಕಾಗಿತ್ತು. ಜನಾಜಾ ಮೇಲೆದ್ದಿತು.

ಅವಳ ಕೈ ಮರವನ್ನು ಬಿಡಲಿಲ್ಲ. ಚಟ್ಟದ ಜೊತೆ ತಾನೂ ಎದ್ದು, ಅದರ ಪಕ್ಕದಲ್ಲೇ ನಡುಮನೆ ದಾಟಿ, ಹೆಂಗಸರು ನಿಲ್ಲಬೇಕಾದ ಹೊಸ್ತಿಲ ತನಕ ಬಂದಳು. ಅಲ್ಲಿ ಮರ ಬೆರಳುಗಳ ಕೆಳಗೆ ಜಾರಿತು. ಹೊರಗೆ ಕಾದಿದ್ದವರು ಮುನ್ನುಗ್ಗಿ ಹೆಗಲು ಕೊಟ್ಟರು, ಒಬ್ಬರಿಂದ ಒಬ್ಬರಿಗೆ, ಒಬ್ಬರಿಂದ ಒಬ್ಬರಿಗೆ. ಜನಾಜಾ ತಲೆಗಳ ಮೇಲೆ ಓಣಿಯ ತಿರುವು ದಾಟಿತು. ಹೊಸ್ತಿಲ ಒಳಗೆ ನಿಂತ ಮೆಹನಾಜಳ ಕೈ ಇನ್ನೂ ಹೆಗಲೆತ್ತರದಲ್ಲಿ, ಏನನ್ನೋ ಹಿಡಿದಂತೆ, ಹಾಗೇ ಇತ್ತು.